ರಿಜಿಸ್ಟರಿನ ಮೊದಲ ಸಾಲು

ಶಾಲೆಯ ಆಫೀಸಿಗೆ ಗುಮಾಸ್ತರಾಗಿ ಸೇರುವವರಿಗೆ ನಾನು ಹೇಳುವುದು ಇಷ್ಟೇ. ಟೈಪಿಂಗ್ ಕಲಿಯಿರಿ, ಕಂಪ್ಯೂಟರ್ ಕಲಿಯಿರಿ, ನಗು ತಡೆದುಕೊಳ್ಳುವುದನ್ನು ಮಾತ್ರ ಕಲಿಯಬೇಡಿ. ಮೂವತ್ತಕ್ಕೂ ಹೆಚ್ಚು ವರ್ಷ ವಿಶಾಖಪಟ್ಟಣದ ಒಂದೇ ಹೈಸ್ಕೂಲಿನಲ್ಲಿ, ಒಂದೇ ಕುರ್ಚಿಯ ಮೇಲೆ ಕೂತವಳು ನಾನು. ನಡುವೆ ಎರಡು ಬಡ್ತಿ ಬಂದವು. ಎರಡು ಸಲವೂ ಕುರ್ಚಿ ಅದೇ ಇತ್ತು, ಬಾಗಿಲಿನ ಮೇಲಿನ ಹಲಗೆ ಮಾತ್ರ ಬದಲಾಯಿತು. ಅವುಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಹೇಳಬೇಕಾದದ್ದು ನನ್ನ ಎರಡು ದೊಡ್ಡ ತಪ್ಪುಗಳ ಬಗ್ಗೆ. ಒಂದು ಆರುನೂರು ಜೊತೆ ಬೂಟುಗಳದ್ದು, ಇನ್ನೊಂದು ಶಾಲೆಯ ಹೆಸರು ಬದಲಾದ ವರ್ಷದ್ದು. ಮೊದಲನೆಯದಕ್ಕೆ ಊರೇ ನಕ್ಕಿತು. ಎರಡನೆಯದಕ್ಕೆ ನಾನು ಮೊದಲು ಅತ್ತೆ, ಆಮೇಲೆ ನಕ್ಕೆ.

ನಮ್ಮವರು ನೌಕಾಪಡೆಯಲ್ಲಿದ್ದರು. ನವಲಗುಂದದ ಕಪ್ಪು ಮಣ್ಣಿನಲ್ಲಿ ಬೆಳೆದ ನಾವಿಬ್ಬರೂ ಎಂಬತ್ತರ ದಶಕದ ಆರಂಭದಲ್ಲಿ ಸಮುದ್ರದ ಪಕ್ಕ ಬಂದು ಬಿದ್ದೆವು. ಮಗಳನ್ನು ಸೇರಿಸಲೆಂದು ಬಂದರಿನ ಹಿಂದಿನ ಗುಡ್ಡದ ಇಳಿಜಾರಿನಲ್ಲಿದ್ದ ಸೇಂಟ್ ಕ್ರಿಸ್ಪಿನ್ ಹೈಸ್ಕೂಲಿಗೆ ಹೋದೆ. ತೆಲುಗು ಬಾರದು, ಅರ್ಜಿ ತುಂಬುವುದು ತಿಳಿಯದು. ನನ್ನಷ್ಟಕ್ಕೆ ನಾನೇ ಗೊಣಗಿಕೊಳ್ಳುತ್ತಿದ್ದಾಗ ಹಿಂದಿನಿಂದ ಒಂದು ದನಿ ಬಂತು.

"ನೀವು ಕನ್ನಡವಾ?"

ತಿರುಗಿ ನೋಡಿದರೆ ಬಿಳಿ ಉಡುಪಿನ ದಪ್ಪ ಕನ್ನಡಕದ ಕನ್ಯಾಸ್ತ್ರೀ. ಬಂಟ್ವಾಳ ಕಡೆಯವರು, ಹೆಸರು ಸಿಸ್ಟರ್ ಲಿಲ್ಲಿ, ಶಾಲೆಯ ಹೆಡ್‌ಮಿಸ್ಟ್ರೆಸ್.

"ಹೌದ್ರಿ, ಧಾರವಾಡ ಕಡೆಯವರು."

"ಟೈಪಿಂಗ್ ಬರ್ತದಾ?"

"ಬರ್ತೈತ್ರಿ. ಪರೀಕ್ಷಾ ಪಾಸ್ ಮಾಡೀನಿ."

"ಹಾಗಾದ್ರೆ ಸೋಮವಾರದಿಂದ ಬನ್ನಿ. ಇಲ್ಲಿ ಕನ್ನಡ ಮಾತಾಡ್ಲಿಕ್ಕೆ ಜನ ಇಲ್ಲದೆ ನನ್ನ ನಾಲಗೆ ತುಕ್ಕು ಹಿಡಿದಿದೆ."

ನನ್ನ ಸಂದರ್ಶನ ಅಷ್ಟೇ. ಮಗಳನ್ನು ಸೇರಿಸಲು ಹೋದವಳು ನಾನೂ ಸೇರಿಕೊಂಡು ಬಂದೆ. ನಮ್ಮವರು ಒಂದು ವಾರ ಅದನ್ನು ಹೇಳಿಕೊಂಡೇ ನಕ್ಕರು.

ನನಗಿಂತ ಮೊದಲು ಗುಮಾಸ್ತರಾಗಿದ್ದವರು ಪೀಟರ್ಸ್ ಎಂಬ ಆಂಗ್ಲೋ ಇಂಡಿಯನ್ ಮುದುಕರು. ಬೀಗದ ಕೈ, ರಬ್ಬರ್ ಮೊಹರು, ರಿಜಿಸ್ಟರುಗಳ ಕಪಾಟು ಎಲ್ಲ ಒಪ್ಪಿಸಿ, ಬಾಗಿಲವರೆಗೆ ಹೋದವರು ವಾಪಸು ಬಂದರು. "ಇನ್ನೊಂದು ಮಾತು. ಪ್ರವೇಶ ರಿಜಿಸ್ಟರಿನ ಮೊದಲ ಸಾಲು ನಿನ್ನದಲ್ಲ. ಅದನ್ನು ಹಬ್ಬದ ದಿನ ಬರೆಯಬೇಕು, ಇನ್ನಯ್ಯ ಬಂದ ಮೇಲೆ" ಎಂದು ಹೇಳಿ ಹೊರಟುಹೋದರು.

ಇನ್ನಯ್ಯ ಯಾರೆಂದು ಅಕ್ಟೋಬರಿನಲ್ಲಿ ತಿಳಿಯಿತು. ಸಂತ ಕ್ರಿಸ್ಪಿನರು ಚಮ್ಮಾರರ ಪಾಲಕ ಸಂತರು. ಅವರ ಹಬ್ಬ ಅಕ್ಟೋಬರ್ ಕೊನೆಗೆ ಬರುತ್ತದೆ. ಆ ದಿನ ಶಾಲೆಯ ಕೆಳಗಿನ ಕೇರಿಯಿಂದ ಹತ್ತು ಹನ್ನೆರಡು ಮಂದಿ ಚಪ್ಪಲಿ ಹೊಲಿಯುವವರು ಬಂದು ವರಾಂಡದಲ್ಲಿ ಸಾಲಾಗಿ ಕೂತು, ಅಷ್ಟೂ ಮಕ್ಕಳ ಬೂಟು ಚಪ್ಪಲಿ ರಿಪೇರಿ ಮಾಡುತ್ತಿದ್ದರು. ಅವರಲ್ಲಿ ಹಿರಿಯರೇ ಇನ್ನಯ್ಯ, ತೆಲುಗಿನ ಮರ್ಯಾದೆಯಲ್ಲಿ ಇನ್ನಯ್ಯಗಾರು. ಮಕ್ಕಳು ಇಡೀ ದಿನ ಬರಿಗಾಲು. ಬರಿಗಾಲಿನಲ್ಲೇ ಓಟ, ಬರಿಗಾಲಿನಲ್ಲೇ ಕಬಡ್ಡಿ. ಮಧ್ಯಾಹ್ನ ಪುಳಿಹೋರ, ಲಡ್ಡು. ಮೊದಲ ಎಲೆ ಚಮ್ಮಾರರಿಗೆ, ಬಡಿಸುವವರು ಸಿಸ್ಟರ್‌ಗಳು. ಊಟವಾದ ಮೇಲೆ ಮುಂದಿನ ಜೂನ್‌ನ ಪ್ರವೇಶ ರಿಜಿಸ್ಟರ್ ತೆರೆದು, ಮೊದಲ ಸಾಲಿನಲ್ಲಿ ಆ ಕೇರಿಯ ಒಂದು ಮಗುವಿನ ಹೆಸರು ಬರೆಯುವುದು. ಉಳಿದವರದು ಆಮೇಲೆ.

ಇದು ಹೇಗೆ ಶುರುವಾಯಿತೆಂದು ಇನ್ನಯ್ಯಗಾರೇ ಹೇಳಿದರು. ಅವರ ತಾತ ಚಿನ್ನಪ್ಪ ಬಂದರಿನ ಪಕ್ಕ ತೊಗಲು ಹದ ಮಾಡುವ ಒಂದು ಷೆಡ್ಡು ಇಟ್ಟುಕೊಂಡಿದ್ದರಂತೆ. ಹಡಗಿನಿಂದ ಇಳಿದ ಒಬ್ಬ ಪಾದ್ರಿಯ ಬೂಟಿನ ಅಟ್ಟೆ ಕಿತ್ತುಹೋಗಿ, ಹೊಲಿಸಲು ಅಲ್ಲಿ ಕೂತರಂತೆ. ಸುಮ್ಮನೆ ಕೂರಲಾಗದೆ ಚಿನ್ನಪ್ಪನ ಮಕ್ಕಳಿಗೆ ಮರಳಿನ ಮೇಲೆ ಅಕ್ಷರ ಬರೆದು ತೋರಿಸಿದರಂತೆ. ಬೂಟು ಸಿದ್ಧವಾಯಿತು, ಪಾಠ ಮುಗಿಯಲಿಲ್ಲ. ಮಾರನೆಯ ದಿನ ಪಾದ್ರಿ ಗಟ್ಟಿ ಬೂಟು ಹಾಕಿಕೊಂಡೇ ಬಂದರು. ಚಿನ್ನಪ್ಪ ತೊಗಲುಗಳನ್ನು ಒಂದು ಮೂಲೆಗೆ ಸರಿಸಿ ಜಾಗ ಕೊಟ್ಟರು. ಶಾಲೆ ಹುಟ್ಟಿದ್ದು ಹೀಗೆ.

ನನ್ನ ಮೊದಲ ಹಬ್ಬಕ್ಕೆ ಬೂಟುಗಳಿಗೆ ಚೀಟಿ ಕಟ್ಟುವ ಕೆಲಸ ನನ್ನದಾಯಿತು. ಮೂರು ದಿನ ಕೂತು, ಇಂಕ್ ಪೆನ್ನಿನಲ್ಲಿ ದುಂಡಗೆ ಆರುನೂರು ಮಕ್ಕಳ ಹೆಸರು, ತರಗತಿ ಬರೆದು ದಾರ ಪೋಣಿಸಿದೆ. ಪೀಟರ್ಸ್ ಸಾಹೇಬರ ಹಳೆಯ ಚೀಟಿಗಳು ಸೀಸದಕಡ್ಡಿಯಲ್ಲಿ ಗೀಚಿದವು, ನೋಡಲು ಕೊಳಕು. ನನ್ನವನ್ನು ನೋಡಿ ನಾನೇ ಹಿರಿಹಿರಿ ಹಿಗ್ಗಿದೆ. ಚರ್ಮಕ್ಕೆ ಉಳಿ ಹಾಕುವ ಮೊದಲು ನೀರಿನಲ್ಲಿ ನೆನೆಸುತ್ತಾರೆಂಬುದು ನನಗೆ ಯಾರೂ ಹೇಳಿರಲಿಲ್ಲ. ಬೂಟಿನ ಜೊತೆ ಚೀಟಿಯೂ ಬಕೆಟ್ಟಿಗೆ ಇಳಿಯಿತು. ಹನ್ನೊಂದು ಗಂಟೆಗೆ ವರಾಂಡದ ಹನ್ನೆರಡು ಬಕೆಟ್ಟುಗಳಲ್ಲೂ ನೀಲಿ ನೀರು. ಚೀಟಿಗಳು ಬೆಳ್ಳಗೆ ತೊಳೆದಿಟ್ಟಂತಿದ್ದವು. ಬೂಟುಗಳೋ, ಎಲ್ಲವೂ ಕಪ್ಪು, ಎಲ್ಲವೂ ಒಂದೇ ಅಂಗಡಿಯವು.

"ಎಂತ ಸರೋಜಾ ಇದು?"

"ಹೆಸರೆಲ್ಲಾ ತೊಳಕೊಂಡು ಹೋಗ್ಯಾವ್ರಿ ಸಿಸ್ಟರ್."

ಸಿಸ್ಟರ್ ಲಿಲ್ಲಿ ಬಕೆಟ್ಟು ನೋಡಿದರು, ನನ್ನ ಮುಖ ನೋಡಿದರು, ಕಂಬ ಹಿಡಿದುಕೊಂಡು ನಗತೊಡಗಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ಸಾಕು ಮಾರಾಯ್ತಿ, ನನ್ನ ಹೊಟ್ಟೆ ಹಿಡ್ಕೊಂಡಿತು" ಎಂದರು. ಕೆಲಸ ಹೋಯಿತೆಂದೇ ತಿಳಿದಿದ್ದ ನಾನೂ ಅವರ ನಗು ನೋಡಿ ನಕ್ಕುಬಿಟ್ಟೆ.

ಕಾಪಾಡಿದವರು ಇನ್ನಯ್ಯಗಾರು. ಬೂಟುಗಳನ್ನು ಅಂಗಳದಲ್ಲಿ ಹರಡಿಸಿ, ತಾವು ಕುಕ್ಕರುಗಾಲಿನಲ್ಲಿ ಕೂತು, ಮಕ್ಕಳನ್ನು ಒಬ್ಬೊಬ್ಬರಾಗಿ ತಮ್ಮ ಮುಂದೆ ನಡೆಯಲು ಹೇಳಿದರು. ನಡಿಗೆ ನೋಡುವುದು, ಹಿಮ್ಮಡಿ ಯಾವ ಕಡೆ ಸವೆದ ಬೂಟು ಬೇಕೆಂದು ಲೆಕ್ಕ ಹಾಕುವುದು, ಎತ್ತಿ ಕೊಡುವುದು. ಇಳಿಜಾರಿನ ಮೇಲಿನ ಮನೆಯವರು ಮುಂದೆ ಸವೆಸುತ್ತಾರಂತೆ, ಸೈಕಲ್ಲಿನವರು ಬಲಗಡೆ ಸವೆಸುತ್ತಾರಂತೆ. ಮಕ್ಕಳಿಗೆ ಅದೊಂದು ಹೊಸ ಆಟವಾಗಿ, ಬೇಕೆಂದೇ ಕುಂಟುತ್ತಾ, ಬಾತುಕೋಳಿಯ ಹಾಗೆ ಓಲಾಡುತ್ತಾ ನಡೆದು ಅವರನ್ನು ಏಮಾರಿಸಲು ನೋಡಿದರು. ಸಂಜೆಯ ಹೊತ್ತಿಗೆ ಮುಕ್ಕಾಲು ಪಾಲು ಮಕ್ಕಳಿಗೆ ಅವರವರ ಬೂಟು ಸಿಕ್ಕಿತು. ಉಳಿದವರು ಕೈಗೆ ಸಿಕ್ಕಿದ್ದನ್ನು ಹಾಕಿಕೊಂಡು ಹೋದರು. ನೌಕಾಪಡೆಯ ಒಬ್ಬ ಅಧಿಕಾರಿ ಮಾರನೆಯ ದಿನ ಫೋನ್ ಮಾಡಿ, ತಮ್ಮ ಮಗಳು ಎರಡೂ ಎಡಗಾಲಿನ ಬೂಟು ಹಾಕಿಕೊಂಡು ಬಂದಿದ್ದಾಳೆಂದು ದೂರಿದರು. ಎರಡೂ ಬಲಗಾಲಿನ ಬೂಟು ಹಾಕಿಕೊಂಡವಳನ್ನು ಹುಡುಕುವುದರಲ್ಲಿ ನನ್ನ ಒಂದು ವಾರ ಕಳೆಯಿತು. ಅಂದಿನಿಂದ ಚೀಟಿಗಳನ್ನು ಸೀಸದಕಡ್ಡಿಯಲ್ಲೇ ಬರೆದೆ. ಹಿಂದಿನವರ ಕೊಳಕಿಗೂ ಒಂದು ಕಾರಣವಿರುತ್ತದೆ, ಬದಲಾಯಿಸುವ ಮೊದಲು ಕೇಳಿ.

ಆ ವರ್ಷ ಮೊದಲ ಸಾಲನ್ನೂ ಬರೆದೆ. ಆಮೇಲೆ ಪ್ರತಿ ವರ್ಷ ಬರೆದೆ. ಬರೆದು ಮುಗಿಸಿದಾಗ ಇನ್ನಯ್ಯಗಾರು ಬಗ್ಗಿ, ಓದಲು ಬಾರದಿದ್ದರೂ, ಆ ಸಾಲಿನ ಮೇಲೆ ಒಮ್ಮೆ ಬೆರಳಾಡಿಸುತ್ತಿದ್ದರು. ಒದ್ದೆ ಶಾಯಿ ಬೆರಳಿಗೆ ಅಂಟುತ್ತಿತ್ತು.

ತೊಂಬತ್ತರ ದಶಕ ಕಾಲಿಟ್ಟ ಮೇಲೆ ವಿಜಯವಾಡದಿಂದ ಕಾಗದ ಬಂತು. ನಮ್ಮ ಶಾಲೆ ನಡೆಸುವ ಕನ್ಯಾಸ್ತ್ರೀಯರ ಸಭೆಯ ಪ್ರಾಂತೀಯ ಕಚೇರಿ ಅಲ್ಲಿತ್ತು. ಅದರ ಮುಖ್ಯಸ್ಥರನ್ನು ಎಲ್ಲರೂ ಮದರ್ ಎನ್ನುತ್ತಿದ್ದರು, ಅದೂ ತಗ್ಗಿದ ದನಿಯಲ್ಲಿ. ಸಭೆಯ ಎಲ್ಲ ಶಾಲೆಗಳಿಗೂ ದೇವಮಾತೆಯ ಒಂದೇ ಹೆಸರು, ಮಾರ್ಗಮಾತಾ ಹೈಸ್ಕೂಲ್. ಎಲ್ಲ ಕಡೆಗೂ ಒಂದೇ ಪ್ರವೇಶ ಪದ್ಧತಿ. ಪೋಷಕರ ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಕ್ರಿಸ್ಪಿನ್ ಯಾರೆಂದು ಹೇಳಿ ಹೇಳಿ ಸಾಕಾಗಿದೆ ಎಂದರು ಕೆಲವರು. ನಾನೂ ತಟ್ಟಿದೆ. ಹೊಸ ಬ್ಯಾಡ್ಜು, ಹೊಸ ಲೆಟರ್‌ಹೆಡ್ಡು, ಹೊಸ ಮೊಹರು ಎಂದರೆ ಗುಮಾಸ್ತರಿಗೆ ಮದುವೆಮನೆಯ ಸಂಭ್ರಮ.

ಸರ್ಕಾರಕ್ಕೆ ಹೋಗಬೇಕಾದ ಅರ್ಜಿಯನ್ನು ಟೈಪ್ ಮಾಡಿದವಳು ನಾನೇ. ಅದರಲ್ಲಿ 'ಸಂಸ್ಥಾಪಕರು' ಎಂಬ ಅಂಕಣವಿತ್ತು. ಪಾದ್ರಿಯ ಹೆಸರು ಬರೆದೆ. ಚಿನ್ನಪ್ಪನವರ ಹೆಸರು ಬೆರಳ ತುದಿಗೆ ಬಂತು. ಅಂಕಣ ಸಣ್ಣದೆಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳುತ್ತೇನೆ, ಅಂಕಣ ಅಷ್ಟು ಸಣ್ಣದಾಗಿರಲಿಲ್ಲ. ಹೊಸ ಹೆಸರಿನ ಕೆಳಗೆ ತೊಗಲಿನ ಷೆಡ್ಡು ಚೆಂದ ಕಾಣುವುದಿಲ್ಲವೆಂದು ಅನಿಸಿತ್ತು. ಅರ್ಜಿ ಮದರ್ ಅವರ ಸಹಿಗಾಗಿ ವಿಜಯವಾಡಕ್ಕೆ ಹೋಯಿತು.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಇನ್ನಯ್ಯಗಾರು ಶಾಲೆಯ ಚೆಂಡುಗಳನ್ನು ಹೊಲಿಯಲು ಬಂದರು. ನಾನು ಜೂನ್‌ನಿಂದ ಶುರುವಾಗುವ ಶಾಲಾ ವರ್ಷದ ಕ್ಯಾಲೆಂಡರ್ ಟೈಪ್ ಮಾಡುತ್ತಿದ್ದೆ.

"ಅಮ್ಮಗಾರೂ, ಈ ಏಡು ಪಂಡಗ ಎಪ್ಪುಡಂಡಿ?" ಎಂದರು. ಈ ವರ್ಷ ಹಬ್ಬ ಯಾವಾಗ ಎಂದು. ಅವರ ಮಗನ ಮಗಳು ಮೇರಿಗೆ ಮುಂದಿನ ವರ್ಷ ಐದು ತುಂಬುತ್ತಿತ್ತು. ಈ ಸಲ ಮೊದಲ ಸಾಲು ಅವಳದೆಂದು ಕೇರಿಯಲ್ಲಿ ಆಗಲೇ ಗೊತ್ತಾಗಿತ್ತು. ಫ್ರಾಕಿನ ಬಟ್ಟೆ ಆಯ್ದಾಗಿತ್ತಂತೆ.

"ಇರ್ರಿ, ನೋಡಿ ಹೇಳ್ತೀನಿ" ಎಂದು ಧಾರವಾಡದ ಕನ್ನಡದಲ್ಲೇ ಹೇಳಿ, ಹೆಸರಿನ ಜೊತೆ ಶಾಲೆಯ ಹಬ್ಬವೂ ಬದಲಾಗುತ್ತದಲ್ಲ ಎಂದು ಮಾರ್ಗಮಾತೆಯ ಹಬ್ಬ ಎಲ್ಲಿದೆಯೆಂದು ಹುಡುಕಿದೆ. ಮೇ ತಿಂಗಳಲ್ಲಿತ್ತು. ಶಾಲೆಯ ಬೇಸಿಗೆ ರಜೆಯ ನಟ್ಟನಡುವೆ.

ಸಿಸ್ಟರ್ ಲಿಲ್ಲಿಯ ಕೋಣೆಗೆ ಓಡಿದೆ. ಕ್ಯಾಲೆಂಡರ್ ನೋಡಿ ಅವರ ಬಾಯಿ ತೆರೆದದ್ದು ಹಾಗೇ ಇತ್ತು. ಆ ಹಬ್ಬ ಮೇ ತಿಂಗಳದ್ದೆಂದು ಸಭೆಯ ಪ್ರತಿ ಸಿಸ್ಟರಿಗೂ ಗೊತ್ತು, ರಜೆಗೆ ಎಲ್ಲರೂ ಒಂದೆಡೆ ಸೇರಿ ಆಚರಿಸುತ್ತಿದ್ದರು. ಮೇ ತಿಂಗಳಲ್ಲಿ ಶಾಲೆಗೆ ರಜೆಯೆಂದೂ ಗೊತ್ತು. ಈ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿದವರು ಒಬ್ಬರೂ ಇರಲಿಲ್ಲ. ಹತ್ತಾರು ಶಾಲೆಗಳಿಗೆ, ಮಕ್ಕಳೇ ಇಲ್ಲದ ದಿನ ಶಾಲೆಯ ಹಬ್ಬ.

ಸಿಸ್ಟರ್ ಮೊದಲು ನಕ್ಕರು. "ಲಡ್ಡು ಯಾರಿಗೆ ಕೊಡುದು, ಬೆಂಚುಗಳಿಗಾ?" ಆಮೇಲೆ ನಗು ನಿಂತಿತು. ಹಬ್ಬವಿಲ್ಲದಿದ್ದರೆ ಅಕ್ಟೋಬರಿನಲ್ಲಿ ರಿಜಿಸ್ಟರ್ ತೆರೆಯುವಂತಿಲ್ಲ. ಹೊಸ ಪದ್ಧತಿಯಲ್ಲಿ ಜೂನ್‌ನಲ್ಲಿ ಸಂದರ್ಶನ. ಇಂಗ್ಲಿಷ್ ಬರುವ ತಂದೆತಾಯಿ ಮಗುವನ್ನು ಕರೆತರಬೇಕು. ಮೇರಿಯ ತಂದೆ ಬಂದರಿನಲ್ಲಿ ಸರಕು ಹೊರುವ ಕಲಾಸಿ, ತಾಯಿ ಓದಿದವಳಲ್ಲ. ಮೊದಲ ಸಾಲಿಲ್ಲದೆ ಆ ಕೇರಿಯ ಮಗು ಈ ಗೇಟು ದಾಟುವಂತಿರಲಿಲ್ಲ.

"ಇನ್ನಯ್ಯನಿಗೆ ಎಂತ ಹೇಳಿದ್ರಿ?"

"ಏನೂ ಹೇಳಿಲ್ರಿ. ಓಡಿ ಬಂದೆ."

ಹಾಗೆ ಹೇಳುವಾಗ ನನಗೆ ಅಳು ಒತ್ತರಿಸಿ ಬಂತು. ಸಂಸ್ಥಾಪಕರ ಅಂಕಣದ ವಿಷಯವನ್ನೂ ಹೇಳಿಬಿಟ್ಟೆ. ಅಕ್ಷರ ಬಾರದ ಮನುಷ್ಯ ನನ್ನ ಕೆಲಸ ಉಳಿಸಿದ್ದರು. ಅಕ್ಷರ ಬಲ್ಲ ನಾನು ಅವರ ತಾತನನ್ನು ಅಳಿಸಿದ್ದೆ. ಸಿಸ್ಟರ್ ಬೈಯಲಿಲ್ಲ. ಕ್ಯಾಲೆಂಡರ್ ಮಡಚಿಟ್ಟು, "ಅರ್ಜಿಗೆ ಮದರ್ ಸಹಿ ಮಾಡುದು ಈ ವಾರವೇ. ನಾಳೆ ಬೆಳಿಗ್ಗೆಯ ರೈಲಿಗೆ ಹೋಗುವ. ರಿಜಿಸ್ಟರು ಎಲ್ಲ ತಗೊಳ್ಳಿ" ಎಂದರು.

ಶಾಲೆಯ ಅಷ್ಟೂ ಪ್ರವೇಶ ರಿಜಿಸ್ಟರುಗಳು, ಒಂದೊಂದೂ ಕಲ್ಲಿನ ಭಾರ. ನಮ್ಮವರ ನೌಕಾಪಡೆಯ ದೊಡ್ಡ ಚೀಲದಲ್ಲಿ ತುಂಬಿದೆ. "ಯುದ್ಧಕ್ಕ ಹೊಂಟೀಯೇನ?" ಎಂದು ಅವರೇ ಹೊತ್ತು ರೈಲಿಗೆ ಹತ್ತಿಸಿದರು. ಮಧ್ಯಾಹ್ನ ವಿಜಯವಾಡದ ಪ್ಲಾಟ್‌ಫಾರಂನಲ್ಲಿ ಇಳಿದು ನಾಲ್ಕು ಹೆಜ್ಜೆ ಹಾಕಿದ್ದೆವು, ಚೀಲದ ಪಟ್ಟಿ ಪಟ್ಟೆಂದು ಕಿತ್ತು, ಹೈಸ್ಕೂಲಿನ ಇಡೀ ಇತಿಹಾಸ ಬಾಳೆಹಣ್ಣಿನ ಬುಟ್ಟಿಗಳ ನಡುವೆ ಚೆಲ್ಲಾಪಿಲ್ಲಿಯಾಯಿತು. ನಾವಿಬ್ಬರೂ ಮಂಡಿಯೂರಿ ಹೆಕ್ಕಿದೆವು. ಹೊರಗೆ ಮೆಟ್ಟಿಲ ಬಳಿ ಕೂತಿದ್ದ ಒಬ್ಬ ಚಮ್ಮಾರರು ಮೇಣದ ದಾರದಲ್ಲಿ ಪಟ್ಟಿಯನ್ನು ಎರಡು ಸಾಲು ಹೊಲಿದು ಕೊಟ್ಟರು. ಅವರು ಹೊಲಿಯುವಷ್ಟು ಹೊತ್ತು ಆ ಸುಡುಬಿಸಿಲಿನಲ್ಲಿ ಕೂತ ಸಿಸ್ಟರ್ ಲಿಲ್ಲಿ ಇದ್ದಕ್ಕಿದ್ದಂತೆ ಕಿಸಕ್ಕನೆ ನಕ್ಕು, "ಆ ಪಾದ್ರಿಯೂ ಹೀಗೇ ಕೂತದ್ದು, ಅಲ್ವಾ?" ಎಂದರು. ನನಗೂ ನಗು ಹತ್ತಿಕೊಂಡಿತು. ಮದರ್ ಮುಂದೆ ನಿಲ್ಲಲು ಹೊರಟವರಿಗೆ ಒಪ್ಪುವ ನಗು ಅದಲ್ಲ, ಆದರೆ ನಿಲ್ಲಲಿಲ್ಲ.

ಮದರ್ ಗುಂಟೂರು ಕಡೆಯವರು. ತೆಳ್ಳಗೆ, ನೆಟ್ಟಗೆ, ಕುರ್ಚಿಯ ಬೆನ್ನಿಗೆ ಒರಗದವರು. ತೆಲುಗಿನಲ್ಲಿ ನಡೆದ ಆ ಮಾತುಕತೆಯನ್ನು ನೆನಪಿದ್ದಷ್ಟು ಕನ್ನಡದಲ್ಲಿ ಕೊಡುತ್ತೇನೆ.

"ಹೆಸರು ಬದಲಾಗುತ್ತದೆ ಸಿಸ್ಟರ್. ಅದರ ಬಗ್ಗೆ ಚರ್ಚೆ ಬೇಡ."

"ಹೆಸರಿಗಾಗಿ ಬಂದಿಲ್ಲ ಮದರ್. ಹಬ್ಬಕ್ಕಾಗಿ ಬಂದಿದ್ದೇವೆ. ಅದು ರಜೆಯಲ್ಲಿ ಬರುತ್ತದೆ."

ಮದರ್ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದರು. ಅವರ ಮುಖದಲ್ಲಿ ಏನೋ ಮಿಸುಕಿತು. "ಮಾತೆಯ ಹಬ್ಬವನ್ನು ನಾನು ಅಕ್ಟೋಬರಿಗೆ ಎಳೆಯಲಾರೆ" ಎಂದರು.

"ಸಂಸ್ಥಾಪಕರ ದಿನವನ್ನು ಇಡಬಹುದಲ್ಲ. ಆ ಹಳೆಯ ದಿನವೇ."

"ಸಂಸ್ಥಾಪಕರು ಆ ಪಾದ್ರಿ. ಅವರು ಊರಿಗೆ ಬಂದದ್ದು ಯಾವಾಗ ಎಂದು ಅರ್ಜಿಯಲ್ಲೇ ಇದೆ, ಅಕ್ಟೋಬರ್ ಅಲ್ಲ."

ಸಿಸ್ಟರ್ ನನ್ನ ಕಡೆ ನೋಡಿದರು. ನಾನು ಎದ್ದು ನಿಂತೆ. "ಆ ಅಂಕಣದಲ್ಲಿ ಒಂದು ಹೆಸರು ಬಿಟ್ಟವಳು ನಾನು ಮದರ್. ಗೊತ್ತಿದ್ದೂ ಬಿಟ್ಟೆ" ಎಂದು ಚಿನ್ನಪ್ಪನವರ ಕಥೆಯನ್ನೂ ಈ ಸಲ ಮೊದಲ ಸಾಲಿಗೆ ಕಾದಿರುವ ಮೇರಿಯ ವಿಷಯವನ್ನೂ ಹೇಳಿದೆ.

"ಆಧಾರ?"

ರಿಜಿಸ್ಟರುಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟೆ. ಪ್ರತಿ ವರ್ಷದ ಮೊದಲ ಸಾಲನ್ನು ತೆರೆದು ತೋರಿಸಿದೆ. ಮದರ್ ಜೋರಾಗಿ ಓದಿದರು. ಮಗುವಿನ ಹೆಸರು, ದಿನಾಂಕ ಅಕ್ಟೋಬರ್, ತಂದೆಯ ವೃತ್ತಿ ಚಪ್ಪಲಿ ಹೊಲಿಯುವುದು. ಮುಂದಿನ ವರ್ಷ, ಅದೇ ಅಕ್ಟೋಬರ್, ಅದೇ ವೃತ್ತಿ. ಹತ್ತು ಪುಟ ದಾಟಿದ ಮೇಲೆ ಓದುವುದನ್ನು ನಿಲ್ಲಿಸಿ, ಸುಮ್ಮನೆ ಪುಟ ತಿರುಗಿಸಿದರು. ಶಾಯಿ ಬದಲಾಗಿತ್ತು, ಬರಹ ಮೂವರು ಗುಮಾಸ್ತರದಾಗಿತ್ತು, ಸಾಲು ಅದೇ ಇತ್ತು. ಕೆಲವು ಸಾಲುಗಳ ಮೇಲೆ ಬೆರಳು ಎಳೆದ ಶಾಯಿಯ ಗುರುತೂ ಇತ್ತು.

"ಹೀಗೆ ಬರೆಯಬೇಕೆಂದು ಆದೇಶವೇನಾದರೂ ಇದೆಯೇ?"

"ಇಲ್ಲ ಮದರ್. ಒಬ್ಬ ಗುಮಾಸ್ತರು ಇನ್ನೊಬ್ಬರಿಗೆ ಹೇಳಿದ್ದು."

"ಆದೇಶವಿಲ್ಲದೆ ಇಷ್ಟು ವರ್ಷ ನಡೆದದ್ದು ನಮ್ಮ ಸಭೆಯಲ್ಲಿ ಇದೊಂದೇ ಇರಬೇಕು. ಆದೇಶ ಕೊಟ್ಟವುಗಳೇ ನಡೆಯುವುದಿಲ್ಲ" ಎಂದರು ಮದರ್. ಆಮೇಲೆ, "ಆದರೆ ಸಂದರ್ಶನ ಎಲ್ಲ ಮಕ್ಕಳಿಗೂ ಇದೆ. ಈ ಮಗು ಉತ್ತರ ಹೇಳದಿದ್ದರೆ?" ಎಂದರು.

"ನಾವು ಮಗುವಿಗೆ ಕೇಳುವುದು ಹೆಸರು ಮತ್ತು ಚೆಂಡಿನ ಬಣ್ಣ ಮದರ್" ಎಂದರು ಸಿಸ್ಟರ್ ಲಿಲ್ಲಿ. "ಆ ಚೆಂಡನ್ನು ಹೊಲಿಯುವುದೇ ಅವಳ ತಾತ."

ಮದರ್ ಕನ್ನಡಕ ತೆಗೆದು ಒರೆಸಿದರು, ಒರೆಸುವ ಅಗತ್ಯವಿಲ್ಲದಿದ್ದರೂ. ಮೂಲೆಯ ಟೈಪ್‌ರೈಟರ್ ತೋರಿಸಿ "ಬರೆ. ಸಂಸ್ಥಾಪಕರ ದಿನ ಅಕ್ಟೋಬರಿನಲ್ಲೇ ಇರಲಿ, ಆ ಮೊದಲ ಸಾಲೂ" ಎಂದರು. ಬರೆದೆ. ಎರಡು ಹೆಸರೂ ಬಂದವು. ಅವಸರದಲ್ಲಿ ಚಿನ್ನಪ್ಪನವರ ಹೆಸರಿನ ಕೊನೆ ಅಂಕಣದ ಗೆರೆ ದಾಟಿತು. ಹೊಸ ಹಾಳೆ ತೆಗೆಯಲು ಹೋದೆ. "ಇರಲಿ ಬಿಡಮ್ಮಾ. ಒಳಗೆ ಬಂದಿದ್ದಾರಲ್ಲ" ಎಂದು ಮದರ್ ಸಹಿ ಹಾಕಿದರು.

ಅಂದು ಅಲ್ಲೇ ಉಳಿದು ಮಾರನೆಯ ಬೆಳಿಗ್ಗೆ ಹೊರಟೆವು. ವಾಪಸಿನ ರೈಲಿನಲ್ಲಿ ಸಿಸ್ಟರ್ ಲಿಲ್ಲಿಗೂ ನನಗೂ ಹುಚ್ಚೇ ಹಿಡಿದಿತ್ತು. ಕಡಲೆಕಾಯಿ ತಿನ್ನುತ್ತಾ, ಮದರ್ ಕೂರುವ ಹಾಗೆ ನೆಟ್ಟಗೆ ಕೂತು "ಆಧಾರ?" ಎಂದು ಒಬ್ಬರನ್ನೊಬ್ಬರು ಕೇಳುತ್ತಾ, ರಾಜಮಂಡ್ರಿಯ ಸೇತುವೆ ದಾಟಿದ್ದೇ ತಿಳಿಯಲಿಲ್ಲ. ಎದುರಿಗೆ ಕೂತಿದ್ದ ಕುಟುಂಬದವರು ನಮ್ಮ ಭಾಷೆ ಯಾವುದೆಂದು ತಿಳಿಯದೆ, ತಮ್ಮ ಮಕ್ಕಳನ್ನು ಸ್ವಲ್ಪ ದೂರಕ್ಕೆ ಸರಿಸಿಕೊಂಡರು.

ಆ ಅಕ್ಟೋಬರಿನಲ್ಲಿ ಗೇಟಿನ ಮೇಲೆ ಮಾರ್ಗಮಾತಾ ಎಂಬ ಹೊಸ ಬೋರ್ಡು, ವರಾಂಡದಲ್ಲಿ ಹಳೆಯ ಹನ್ನೆರಡು ಬಕೆಟ್ಟುಗಳು. ವಿಜಯವಾಡದಿಂದ ಮದರ್ ತಾವೇ ಬಂದರು. ನಾನು ಅವರ ಕಪ್ಪು ಬೂಟಿಗೂ ಸೀಸದಕಡ್ಡಿಯ ಚೀಟಿ ಕಟ್ಟಿದೆ. ಅವರು ಬರಿಗಾಲಿನಲ್ಲಿ ಬಿಸಿ ಅಂಗಳ ದಾಟುವಾಗ ಇನ್ನಯ್ಯಗಾರು ಕೆಲಸ ನಿಲ್ಲಿಸಿ ನೋಡಿದರು. ಮದರ್‌ಗೆ ಎಡ ಮಂಡಿ ನೋವಿದೆಯೇ ಎಂದು ನನ್ನ ಮೂಲಕ ಕೇಳಿಸಿದರು. ಮದರ್ ಬೆರಗಾಗಿ ಹೌದೆಂದರು. ಎಡ ಬೂಟಿನೊಳಗೆ ಒಂದು ತೆಳು ಅಟ್ಟೆ ಸೇರಿಕೊಂಡಿತು. ಅದನ್ನು ಹಾಕಿಕೊಂಡು ಮದರ್ ವರಾಂಡದ ಉದ್ದಕ್ಕೂ ನಡೆದರು. ಇನ್ನೊಮ್ಮೆ ನಡೆದರು. ಮೂರನೆಯ ಸಲ ಸ್ವಲ್ಪ ಬಿರುಸಾಗಿ ನಡೆದು, ಮಕ್ಕಳು ನೋಡುತ್ತಿದ್ದಾರೆಂದು ಗೊತ್ತಾಗಿ ನಿಂತರು.

ಊಟವಾದ ಮೇಲೆ ಹೊಸ ರಿಜಿಸ್ಟರ್ ತೆರೆದೆ. ಮೇರಿ ಗುಲಾಬಿ ಫ್ರಾಕಿನಲ್ಲಿ ತಾತನ ಕೈ ಹಿಡಿದು ನಿಂತಿದ್ದಳು. ಅವಳ ಮುಷ್ಟಿಯಲ್ಲಿ ಲಡ್ಡು ಪುಡಿಯಾಗುತ್ತಿತ್ತು. ಹೆಸರು ಬರೆದೆ. ತಂದೆಯ ವೃತ್ತಿ ಎಂಬ ಅಂಕಣಕ್ಕೆ ಬಂದೆ. ಬಂದರಿನ ಕಲಾಸಿ ಎಂದು ಬರೆಯಲು ಪೆನ್ನೆತ್ತಿದೆ.

"ಕಾದಮ್ಮಾ" ಎಂದರು ಇನ್ನಯ್ಯಗಾರು. ಹಾಗಲ್ಲ ಎಂದು. "ಆ ಸಾಲಿನಲ್ಲಿ ಯಾವತ್ತೂ ನಮ್ಮ ಕೆಲಸವೇ ಇತ್ತು. ಈಗ ಯಾಕೆ ಬೇರೆ?"

ಗುಮಾಸ್ತಳಾದವಳು ಇಲ್ಲದ್ದನ್ನು ಬರೆಯುವಂತಿಲ್ಲ. ಇದ್ದದ್ದನ್ನು ಬಿಡುವ ತಪ್ಪನ್ನೂ ನಾನು ಒಮ್ಮೆ ಮಾಡಿ ಮುಗಿಸಿದ್ದೆ. ಒಂದು ಕ್ಷಣ ಯೋಚಿಸಿ ಹೀಗೆ ಬರೆದೆ: ಪೋಷಕರು, ತಾತ ಇನ್ನಯ್ಯ. ವೃತ್ತಿ, ಚಪ್ಪಲಿ ಹೊಲಿಯುವುದು. ಓದಿ ಹೇಳಿದೆ. ಅವರು ಬಗ್ಗಿ ಅದರ ಮೇಲೆ ಬೆರಳಾಡಿಸಿದರು. ಈ ಸಲ ಮೇರಿಯೂ ಆಡಿಸಿದಳು, ಲಡ್ಡಿನ ಕೈಯಲ್ಲಿ. ಆ ಪುಟದಲ್ಲಿ ಇಂದಿಗೂ ತುಪ್ಪದ ಕಲೆ ಇದೆ.

ತೊಂಬತ್ತರ ಕೊನೆಗೆ ಆಫೀಸಿಗೆ ಕಂಪ್ಯೂಟರ್ ಬಂತು. ಮೊದಲ ವರ್ಷ ಎಲ್ಲ ಹೆಸರು ತುಂಬಿಸಿ ಒಂದು ಗುಂಡಿ ಒತ್ತಿದೆ, ಕೇರಿಯ ಮಗು ಮೊದಲ ಸಾಲಿನಿಂದ ಮಾಯವಾಗಿ ಮೂರನೆಯ ಪುಟದಲ್ಲಿ ಕೂತಿತ್ತು. ನಾನು ಕೂಗಿದ್ದಕ್ಕೆ ಸ್ಟಾಫ್‌ರೂಮಿನವರೆಲ್ಲ ಓಡಿ ಬಂದರು. ಮತ್ತೆ ಮೇಲಕ್ಕೆ ತರಲು ಎರಡು ದಿನ ಹಿಡಿಯಿತು, ಸಿಸ್ಟರ್ ಲಿಲ್ಲಿ ಪಕ್ಕದಲ್ಲೇ ಕೂತು ಎರಡು ದಿನವೂ ನಕ್ಕರು.

ಈಗ ನನ್ನ ಕುರ್ಚಿಯಲ್ಲಿ ಕೂರುವವರಿಗೆ, ಪೀಟರ್ಸ್ ಸಾಹೇಬರ ಹಾಗೆ ನಾನೂ ಬಾಗಿಲಿನಿಂದ ವಾಪಸು ಬಂದು ಒಂದು ಮಾತು ಹೇಳುತ್ತೇನೆ. ಅಕ್ಟೋಬರಿನಲ್ಲಿ ಮೊದಲ ಹೆಸರು ಬರೆದ ಮೇಲೆ ಉಳಿದವನ್ನು ಜೂನ್‌ನಲ್ಲಿ ತುಂಬಿಸುತ್ತೀರಿ. ಆಗ ಆ ಯಂತ್ರ ನಿಮ್ಮನ್ನು ಬಹಳ ವಿನಯದಿಂದ ಕೇಳುತ್ತದೆ, ಹೆಸರುಗಳನ್ನು ಅಕ್ಷರಾನುಕ್ರಮದಲ್ಲಿ ಜೋಡಿಸಲೇ ಎಂದು. ಬೇಡ ಅನ್ನಿ.